ಮಹಾನವಮಿಗೆ ಮುಂಚಿನ ಮನೆ ಕೆಲಸ: ಮಳೆಗಾಲ ಕುಡಿದ ಗೋಡೆ, ಕೌದಿಗಳನ್ನು ಹೇಗೆ ಹಸನು ಮಾಡುತ್ತೀರಿ?

ಶಹಾಪುರದ ಸೊಸೆ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಳಗಾವಿಯ ಶಹಾಪುರದಲ್ಲಿ ಹಳೆಯ ಹಂಚಿನ ಮನೆ. ಎರಡೂ ಮಗ್ಗುಲಿಗೆ ಬೇರೆಯವರ ಗೋಡೆ ಹತ್ತಿಕೊಂಡಿರುವುದರಿಂದ ಬಿಸಿಲು ಕಾಣುವುದು ಮುಂದಿನ ಪಡಸಾಲೆಗೆ ಮತ್ತು ಹಿತ್ತಲಿಗೆ ಮಾತ್ರ. ನಡುಮನೆ, ದೇವರ ಕೋಣೆ ಎರಡೂ ಜೂನ್‌ನಲ್ಲಿ ತಂಪು ಹಿಡಿದರೆ ದಸರೆಯವರೆಗೂ ಒಣಗುವುದಿಲ್ಲ. ಪಕ್ಷಮಾಸ ಬಂತೆಂದರೆ ದೊಡ್ಡ ಕೆಲಸ ಶುರು: ಜೇಡರ ಬಲೆ ತೆಗೆಯುವುದು, ಗೋಡೆ ಒರೆಸುವುದು, ಅಟ್ಟದ ಸಾಮಾನು ಇಳಿಸುವುದು, ಹಿತ್ತಾಳೆ ತಾಮ್ರ ಬೆಳಗುವುದು, ಹಾಸಿಗೆ ಕೌದಿ ಒಗೆಯುವುದು, ಫರಸಿಯ ಮೇಲೆ ಕೊಡಗಟ್ಟಲೆ ನೀರು ಸುರಿದು ತಿಕ್ಕುವುದು. ಘಟ ಹಾಕುವ ಹಿಂದಿನ ದಿನಕ್ಕೆ ಎಲ್ಲವೂ ಮುಗಿದಿರಬೇಕು.

ತೊಂದರೆ ಏನೆಂದರೆ, ಮನೆ ಹಸನಾದ ವಾರವೇ ನಮ್ಮ ಮಾವನವರ ಉಬ್ಬಸ ಹೆಚ್ಚಾಗುತ್ತದೆ. ಹಬ್ಬದ ರಾತ್ರಿಗಳನ್ನು ಅವರು ದಿಂಬಿಗೆ ಒರಗಿ ಕುಳಿತೇ ಕಳೆಯುತ್ತಾರೆ. ನಡುಮನೆಯ ಗೋಡೆಗೆ ಸೊಂಟದ ಮಟ್ಟದವರೆಗೆ ಬಿಳಿ ಪುಡಿ ಏಳುತ್ತದೆ, ಬಣ್ಣ ಹಪ್ಪಳದಂತೆ ಎದ್ದು ಬರುತ್ತದೆ. ಕಪಾಟಿನ ಹಿಂದೆ, ಮೇಲಿನ ಮೂಲೆಗಳಲ್ಲಿ ಕಪ್ಪು ಚುಕ್ಕೆಯ ಬೂಷ್ಟು. ಅಟ್ಟದಿಂದ ಇಳಿಸಿದ ಕೌದಿಗೆ ಮುಗ್ಗಲು ವಾಸನೆ. ಎಷ್ಟು ಒಗೆದರೂ ಚಳಿಗಾಲದಲ್ಲಿ ಹೊದ್ದಾಗ ಮತ್ತೆ ಅದೇ ವಾಸನೆ.

ಯಾವ ಕೆಲಸ ಮೊದಲು, ಯಾವುದು ಆಮೇಲೆ? ಯಾವುದನ್ನು ಬಳಸಲೇಬಾರದು? ಹಳೆಯ ಮನೆಯಲ್ಲಿ ಬಾಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಟಿಳಕವಾಡಿ ಕಾಕಾ, ಬೆಳಗಾವಿ

ತಂಗಿ, ಕಟ್ಟಡದ ಕೆಲಸದಲ್ಲಿಯೇ ಆಯುಷ್ಯ ಕಳೆದವನು ನಾನು. ನಿಮ್ಮ ಗೋಡೆಗೆ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ಕೇಡು. ಇದನ್ನು ತಿಳಿಯದೆ ಗೋಡೆಗೆ ಕೈ ಹಚ್ಚಬೇಡಿ.

ಕೆಳಗಿನ ಬಿಳಿ ಪುಡಿ ಸವಳು. ನೆಲದ ತೇವ ಪಾಯದಿಂದ ಗೋಡೆಗೆ ಏರುವಾಗ ಮಣ್ಣಿನ, ಇಟ್ಟಿಗೆಯ ಲವಣವನ್ನೂ ಕರಗಿಸಿ ತರುತ್ತದೆ. ಗೋಡೆಯ ಮೈಯಲ್ಲಿ ನೀರು ಆವಿಯಾಗಿ ಹೋಗುತ್ತದೆ, ಲವಣ ಹರಳುಗಟ್ಟಿ ಉಳಿಯುತ್ತದೆ. ಆ ಹರಳು ಬೆಳೆಯುತ್ತಾ ಗಿಲಾವನ್ನು ಒಳಗಿನಿಂದ ನೂಕುತ್ತದೆ. ಬಣ್ಣ ಎದ್ದು ಬರುವುದು ಅದಕ್ಕೇ. ಇದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಲವಣ ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ, ನಾಲ್ಕು ದಿನ ಬಿಟ್ಟು ಮತ್ತೆ ಹೊರಬರುತ್ತದೆ. ಒಣ ಬ್ರಷ್‌ನಿಂದ ಮೆಲ್ಲಗೆ ಉದುರಿಸಿ, ಕೆಳಗೆ ಹಾಸಿದ ಪೇಪರಿನಲ್ಲಿ ಹಿಡಿದು, ಹೊರಗೆ ಚೆಲ್ಲಬೇಕು. ಗೋಡೆಯ ಬುಡಕ್ಕೆ ಬೀಳಿಸಿದರೆ ತೇವದೊಂದಿಗೆ ಅದೇ ಲವಣ ಮತ್ತೆ ಏರುತ್ತದೆ.

ಮೇಲಿನ ಕಪ್ಪು ಚುಕ್ಕೆ ಬೂಷ್ಟು, ಜೀವ ಇರುವ ವಸ್ತು. ಅದನ್ನು ಒಣಗಿದ್ದಾಗ ಉಜ್ಜಲೇಬಾರದು. ಉಜ್ಜಿದರೆ ಕಣ್ಣಿಗೆ ಕಾಣದ ಬೀಜಕಣಗಳು ಮನೆ ತುಂಬ ಹಾರುತ್ತವೆ. ನಿಮ್ಮ ಮಾವನವರಿಗೆ ಹಬ್ಬದ ವಾರವೇ ಉಬ್ಬಸ ಏರಲು ನನಗೆ ಕಾಣುವ ಕಾರಣ ಇದು: ಬಲೆ ತೆಗೆಯುವ ಪೊರಕೆಯಿಂದಲೇ ಮೂಲೆಯ ಬೂಷ್ಟನ್ನೂ ಕೆರೆಯುತ್ತೀರಿ. ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬೇಕು, ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ಜಾಲಿಸಬೇಕು, ಆಮೇಲೆ ಆ ಜಾಗಕ್ಕೆ ಗಾಳಿ ಹೊಡೆಯುವಂತೆ ಫ್ಯಾನ್ ಇಟ್ಟು ಅದೇ ದಿನ ಒಣಗಿಸಬೇಕು.

ಯಾವುದು ಯಾವುದೆಂದು ಅನುಮಾನ ಬಂದರೆ ಅದರ ಮೇಲೆ ಒಂದು ಹನಿ ನೀರು ಬಿಡಿ. ಸವಳು ಕರಗಿ ಮಾಯವಾಗುತ್ತದೆ, ಬೂಷ್ಟು ಇದ್ದಲ್ಲಿಯೇ ಇರುತ್ತದೆ. ಬೆರಳಿನಲ್ಲಿ ಹಿಸುಕಿದರೆ ಸವಳು ಹರಳು ಹರಳಾಗಿ ತಾಗುತ್ತದೆ.

ಇನ್ನೊಂದು ಪರೀಕ್ಷೆ. ಅಂಗೈ ಅಗಲದ ಎರಡರಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ, ಬೆವೆತರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಮುಂಬದಿ ಬೆವೆತರೆ ಮನೆಯ ಗಾಳಿಯ ತೇವವೇ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಮೊದಲನೆಯದಾದರೆ ಪಾಯದ ಬಳಿ ನೀರು ನಿಲ್ಲುವುದನ್ನು, ಹಂಚು ಸೋರುವುದನ್ನು, ಬಚ್ಚಲಿನ ಪೈಪನ್ನು ನೋಡಿ. ಎರಡನೆಯದಾದರೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ, ಒದ್ದೆ ಬಟ್ಟೆಯನ್ನು ನಡುಮನೆಯಲ್ಲಿ ಹರವುವುದನ್ನು ನಿಲ್ಲಿಸಿ. ಗಾಳಿಯಾಡದ ಕಪಾಟಿನ ಹಿಂಬದಿಯೇ ಬೂಷ್ಟಿಗೆ ಇಷ್ಟದ ಜಾಗ.

ಕೌದಿಯ ವಿಷಯ ನನಗಿಂತ ಚೆನ್ನಾಗಿ ಬಲ್ಲವರು ಬರೆಯಲಿ.

ಖಾನಾಪುರದ ಕಾಡಂಚು

ನಮ್ಮದು ಕಣಕುಂಬಿ ರಸ್ತೆಯ ಕಡೆ. ಮಲಪ್ರಭೆ ಹುಟ್ಟುವ ಆ ಸೀಮೆಯ ಮಳೆ ಹೇಗಿರುತ್ತದೆಂದು ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ. ಮಳೆಗಾಲದ ನಾಲ್ಕು ತಿಂಗಳು ನಾವು ಕೌದಿ ಕಂಬಳಿಯನ್ನು ಅಟ್ಟಕ್ಕೆ ಏರಿಸುವುದೇ ಇಲ್ಲ. ಒಲೆಯ ಮೇಲ್ಭಾಗದಲ್ಲಿ ಬಿದಿರು ಕಟ್ಟಿ ಅದರ ಮೇಲೆ ಹರವಿರುತ್ತೇವೆ. ಹೊಗೆಯ ವಾಸನೆ ಬರುತ್ತದೆ, ನಿಜ. ಆದರೆ ಬೂಷ್ಟು ಬರುವುದಿಲ್ಲ, ಹುಳ ಕೂರುವುದಿಲ್ಲ. ನಿಮ್ಮ ಅಟ್ಟ ಹಂಚಿನ ನೇರ ಕೆಳಗಿದ್ದರೆ ಅಲ್ಲಿ ಕೌದಿ ಇಡುವುದೇ ತಪ್ಪು ಜಾಗ, ಅಕ್ಕಾ.

ವಿಜಯಪುರದ ಮಾಳಿಗೆ ಮನೆ

ಬೆಳಗಾವಿಯವರ ಮಾತು ಓದುತ್ತಿದ್ದರೆ ಬೇರೆ ದೇಶದ ಕತೆ ಓದಿದಂತಾಗುತ್ತದೆ. ನಮ್ಮ ವೈರಿ ತೇವವಲ್ಲ, ಧೂಳು. ನಮ್ಮದು ಮೇಲ್ಮುದ್ದೆಯ ಮನೆ: ತೊಲೆ, ಜಂತಿ, ಅದರ ಮೇಲೆ ಸೊಪ್ಪು ಕಟ್ಟಿಗೆ, ಅದರ ಮೇಲೆ ಮಣ್ಣು. ಜಂತಿಯ ಸಂದಿನಿಂದ ವರ್ಷವಿಡೀ ಸಣ್ಣ ಮಣ್ಣು ಉದುರುತ್ತಲೇ ಇರುತ್ತದೆ. ಬೇಸಿಗೆಯ ಗಾಳಿಗೆ ಎರೆ ಹೊಲದ ಕಪ್ಪು ಧೂಳು ಬೆಳಕಿಂಡಿಯಿಂದ ನೇರ ಅಡುಗೆಮನೆಗೆ ಇಳಿಯುತ್ತದೆ.

ಇನ್ನೊಂದು ಮಾತನ್ನು ನಮ್ಮ ಕಡೆಯವರು ಗಮನಿಸಬೇಕು. ಬೆಳಗಾವಿಗೆ ಮಳೆಯ ಜೋರು ಜುಲೈ, ಆಗಸ್ಟ್. ವಿಜಯಪುರಕ್ಕೆ ಬೇರೆಲ್ಲ ತಿಂಗಳಿಗಿಂತ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್‌ನಲ್ಲಿ, ಉತ್ತರೆ ಹಸ್ತ ಮಳೆಗಳಲ್ಲಿ. ಅದೇ ಹೊತ್ತಿಗೆ ಹಿಂಗಾರಿ ಜೋಳದ ಬಿತ್ತನೆ. ಗಂಡಸರು ಹೆಂಗಸರು ಎಲ್ಲರೂ ಹೊಲದಲ್ಲಿ, ಮೇಲೆ ಮೋಡ, ಅದರ ನಡುವೆ ಮನೆಯ ಹಾಸಿಗೆಯನ್ನೆಲ್ಲ ನೆನೆಸಿ ಕೂತರೆ ಒಣಗಿಸುವುದು ಯಾವಾಗ? ಆದ್ದರಿಂದ ನಮ್ಮ ಮನೆಯಲ್ಲಿ ದೊಡ್ಡ ಒಗೆತ ಯುಗಾದಿಗೆ. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಹರವಿದ ಕೌದಿ ಸಂಜೆಗೆ ಗರಿಗರಿ. ಮಾಳಿಗೆಗೆ ಹೊಸ ಮಣ್ಣು ಹಾಕುವುದು, ಜಂತಿ ಜಾಡಿಸುವುದು ಮೇ ತಿಂಗಳೊಳಗೆ, ಮುಂಗಾರಿಗೆ ಮೊದಲು. ಮಹಾನವಮಿಗೆ ದೇವರ ಜಗಲಿ, ಅಡುಗೆಮನೆ, ಪಾತ್ರೆ, ಅಷ್ಟೇ. ಹಿರಿಯರು ಮೊದಲು ಒಪ್ಪಲಿಲ್ಲ, ಒಣಗಿದ ಹಾಸಿಗೆಯ ಮೇಲೆ ಮಲಗಿದ ಮೇಲೆ ಒಪ್ಪಿದರು.

ಧೂಳಿನ ಮನೆಯವರಿಗೆ ಒಂದು ಮಾತು: ಒಣ ಪೊರಕೆಯಿಂದ ಬಿರುಸಾಗಿ ಗುಡಿಸಬೇಡಿ. ಕಟ್ಟಿಗೆಯ ಹೊಟ್ಟಿಗೆ ಸ್ವಲ್ಪ ನೀರು ಚಿಮುಕಿಸಿ, ನೆಲಕ್ಕೆ ಚೆಲ್ಲಿ, ಅದರೊಂದಿಗೆ ಗುಡಿಸಿದರೆ ಧೂಳು ಏಳದೆ ಅದಕ್ಕೇ ಹತ್ತಿಕೊಂಡು ಬರುತ್ತದೆ. ಫ್ಯಾನಿನ ರೆಕ್ಕೆಗೆ ಹಳೆಯ ದಿಂಬಿನ ಕವರ್ ತೊಡಿಸಿ ಎಳೆದರೆ ಧೂಳೆಲ್ಲ ಕವರಿನೊಳಗೇ ಬೀಳುತ್ತದೆ.

ನವನಗರದ ಕೌದಿ ಅಮ್ಮ, ಬಾಗಲಕೋಟೆ

ಕೌದಿ ಹೊಲಿಯುವುದು ನನ್ನ ತಾಯಿಯಿಂದ ಬಂದದ್ದು. ಶಹಾಪುರದ ತಂಗಿಗೆ ನಾಲ್ಕು ಮಾತು ಹೇಳಲೇಬೇಕು.

ಕೌದಿ ಚಾದರದ ಹಾಗಲ್ಲ. ಹಳೆಯ ಸೀರೆ, ಧೋತರ ಐದಾರು ಪದರ ಒಂದರ ಮೇಲೊಂದು ಇಟ್ಟು ಒತ್ತೊತ್ತಾಗಿ ದಾರ ಎಳೆದದ್ದು. ನೀರು ಕುಡಿದರೆ ಒಬ್ಬರ ಕೈಯಲ್ಲಿ ಎತ್ತಲಾಗದಷ್ಟು ಭಾರ. ಹೊರಮೈ ಬೇಗ ಒಣಗುತ್ತದೆ, ನಡು ಪದರ ಒಣಗುವುದಿಲ್ಲ. ನಿಮ್ಮ ವಾಸನೆಯ ಗುಟ್ಟು ಅಲ್ಲಿಯೇ ಇದೆ. ಕೈಗೆ ಒಣಗಿದಂತೆ ತೋರಿದ ಕೌದಿಯನ್ನು ಮಡಚಿ ಅಟ್ಟಕ್ಕೆ ಹಾಕಿದರೆ ಒಳಪದರದಲ್ಲಿ ಬೂಷ್ಟು ಕೂತೇ ಕೂರುತ್ತದೆ. ಮಡಚುವ ಮೊದಲು ಕೌದಿಯ ನಟ್ಟನಡುವೆ ಎರಡು ಅಂಗೈಗಳ ನಡುವೆ ಒತ್ತಿ ಹಿಡಿಯಿರಿ, ಆಮೇಲೆ ಅದೇ ಜಾಗವನ್ನು ಕೆನ್ನೆಗೆ ಹಚ್ಚಿ ನೋಡಿ. ತಣ್ಣಗೆ ತಾಗಿದರೆ ಒಳಗೆ ಇನ್ನೂ ಹಸಿ ಇದೆ. ಅಂಗೈ ಸುಳ್ಳು ಹೇಳಬಹುದು, ಕೆನ್ನೆ ಹೇಳುವುದಿಲ್ಲ.

ಮೊದಲೆಲ್ಲ ಮಹಾನವಮಿಗೆ ಊರಿಗೆ ಊರೇ ಹೊಳೆಗೆ ಹೋಗುತ್ತಿತ್ತು. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ ನವನಗರಕ್ಕೆ ಬಂದ ನಮಗೆ ಹೊಳೆಯ ದಂಡೆಯ ಬಂಡೆ ತಪ್ಪಿತು. ಈಗ ಮಳೆಗಾಲದ ಕೊನೆಗೆ ಹಿನ್ನೀರು ತುಂಬಿ ನಿಂತಿರುತ್ತದೆ, ಕಾಲಡಿಯ ಆಳ ತಿಳಿಯುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಒಗೆಯಲು ಹೋಗಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಟೆರೇಸಿನ ಮೇಲೆ ಮಾಡುವ ರೀತಿ ಹೀಗೆ. ಮೊದಲ ದಿನ ಕೌದಿಯನ್ನು ನೆನೆಸುವುದೇ ಬೇಡ. ಬಿಸಿಲಿಗೆ ಹರವಿ, ಕೋಲಿನಿಂದ ಎರಡೂ ಬದಿ ಬಡಿದು ಧೂಳು ತೆಗೆಯಿರಿ. ಧೂಳು ಇರುವಾಗಲೇ ನೆನೆಸಿದರೆ ಅದು ಪದರದೊಳಗೆ ಕೆಸರಾಗಿ ಕೂರುತ್ತದೆ. ಮರುದಿನ ದೊಡ್ಡ ಬುಟ್ಟಿಯಲ್ಲಿ ಕೈ ಇಟ್ಟರೆ ಸುಡುವಷ್ಟು ಬಿಸಿ ನೀರು, ಒಂದು ಹಿಡಿ ವಾಷಿಂಗ್ ಸೋಡಾ, ಸೋಪಿನ ಪುಡಿ ಹಾಕಿ ನೆನೆಸಿ. ಬಣ್ಣ ಬಿಡುವ ಹೊಸ ತೇಪೆ ಇದ್ದರೆ ಮಾತ್ರ ಬಿಸಿ ನೀರು ಬೇಡ. ನೀರು ಆರಿದ ಮೇಲೆ ತುಳಿದು ಒಗೆಯಿರಿ, ತಿರುವಿ ಹಿಂಡಬೇಡಿ, ದಾರ ಹರಿಯುತ್ತದೆ. ಹಗ್ಗಕ್ಕೆ ಜೋತು ಹಾಕಿ ನೀರು ತಾನಾಗಿ ಇಳಿಯಲು ಬಿಡಿ. ಮಧ್ಯಾಹ್ನ ಒಮ್ಮೆ ಮಗುಚಿ ಹಾಕಿ. ಸಂಜೆ ನಾಲ್ಕಕ್ಕೆ ಒಳಗೆ ತನ್ನಿ, ಇಬ್ಬನಿ ಬೀಳಲು ಬಿಡಬೇಡಿ. ಮರುದಿನವೂ ಬಿಸಿಲು ಕಾಯಿಸಿ. ಒಂದೇ ದಿನಕ್ಕೆ ಮನೆಯ ಎಲ್ಲ ಕೌದಿ ಒಗೆಯುವ ಹಟ ಬೇಡ, ದಿನಕ್ಕೆ ಎರಡು ಸಾಕು.

ಇಳಕಲ್ಲ ಸೀರೆ ಇದ್ದವರು ಈ ಹೊತ್ತಿನಲ್ಲೇ ಅವನ್ನೂ ತೆಗೆದು ನೋಡಿ. ಮೈ ಹತ್ತಿಯದಾದರೂ ಸೆರಗು ರೇಷ್ಮೆ, ನಡುವೆ ಕೊಂಡಿ ಹಾಕಿ ಜೋಡಿಸಿದ್ದು. ಬಿಸಿಲಿಗೆ ಹಾಕದೆ ನೆರಳಿನ ಗಾಳಿಗೆ ಹರವಿ, ಹಳೆಯ ಮಡಿಕೆ ಬಿಟ್ಟು ಬೇರೆ ಮಡಿಕೆ ಹಾಕಿ, ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಉಸಿರುಗಟ್ಟಿದ ಸೀರೆ ಮಡಿಕೆಯಲ್ಲೇ ಸೀಳುತ್ತದೆ.

ಗೋಕಾಕದ ಮಗಳು, ಈಗ ಫಿನ್ಲೆಂಡ್

ಕೌದಿ ಅಮ್ಮನವರ ಬರಹ ಓದಿ ಕಣ್ಣು ತುಂಬಿತು. ನಾನು ಗೋಕಾಕದವಳು, ಮದುವೆಯಾದ ಮೇಲೆ ಫಿನ್ಲೆಂಡಿಗೆ ಬಂದೆ. ಇಲ್ಲಿಯೂ ಹಳೆಯ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಮಗ್ಗದಲ್ಲಿ ನೇಯ್ದ ನೆಲಹಾಸುಗಳು ಮನೆ ಮನೆಯಲ್ಲಿ ಇವೆ. ಬೇಸಿಗೆ ಬಂದರೆ ಜನ ಅವನ್ನು ಹೊತ್ತು ನೀರಿನ ದಂಡೆಗೆ ಹೋಗುತ್ತಾರೆ. ಒಗೆಯುವುದಕ್ಕೆಂದೇ ಮರದ ಮೇಜು, ಹಿಂಡುವ ಯಂತ್ರ, ಒಣಹಾಕುವ ಕಂಬಗಳು ಇರುತ್ತವೆ. ಪೈನ್ ಮರದ ಎಣ್ಣೆಯಿಂದ ಮಾಡಿದ ಸೋಪು ಹಚ್ಚಿ ಬ್ರಷ್‌ನಿಂದ ತಿಕ್ಕುತ್ತಾರೆ. ಸೋಪಿನ ನೀರು ಕೆರೆ ಸಮುದ್ರಕ್ಕೆ ಸೇರಬಾರದೆಂದು ಈಗ ಎಷ್ಟೋ ಕಡೆ ಈ ಜಾಗಗಳನ್ನು ದಂಡೆಯ ಮೇಲೆ ಕಟ್ಟಿ, ನೀರನ್ನು ಚರಂಡಿಗೆ ಹರಿಸುತ್ತಾರೆ. ಘಟಪ್ರಭೆಯ ದಂಡೆಗೂ ಇಂಥದ್ದು ಇದ್ದರೆ ಎಷ್ಟು ಚೆನ್ನ ಎಂದು ಪ್ರತಿ ಬೇಸಿಗೆಯಲ್ಲೂ ಅಂದುಕೊಳ್ಳುತ್ತೇನೆ.

ಚಳಿ ದೇಶದ ದೊಡ್ಡ ಕೆಲಸ ಇರುವುದು ವಸಂತಕ್ಕೆ, ಏಪ್ರಿಲ್ ಮೇ ತಿಂಗಳಲ್ಲಿ. ನಿಮ್ಮಲ್ಲಿ ಮಳೆಗಾಲ ಮನೆಗೆ ತೇವ ತುಂಬಿದರೆ, ಇಲ್ಲಿ ಚಳಿಗಾಲ ಮನೆಯನ್ನು ಒಣಗಿಸುತ್ತದೆ. ಹೊರಗಿನ ತಣ್ಣನೆ ಗಾಳಿಯಲ್ಲಿ ತೇವ ಇರುವುದೇ ಅಲ್ಪ. ಅದು ಒಳಗೆ ಬಂದು ಬಿಸಿಯಾದಾಗ ಮನೆಯ ಗಾಳಿಯ ತೇವಾಂಶ ಎಷ್ಟೋ ದಿನ ಶೇಕಡಾ 20ರಿಂದ 30ಕ್ಕೆ ಇಳಿಯುತ್ತದೆ. ತುಟಿ ಒಡೆಯುತ್ತದೆ, ಆದರೆ ಹಾಸಿಗೆಯಲ್ಲಿ ಇರುವ ಧೂಳುಹುಳ ಬದುಕುವುದಿಲ್ಲ, ಏಕೆಂದರೆ ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ತೇವಾಂಶ ಶೇಕಡಾ 50ಕ್ಕಿಂತ ಕೆಳಗೆ ಬಹಳ ದಿನ ನಿಂತರೆ ಅದರ ಸಂತತಿ ಕುಗ್ಗುತ್ತದೆ. ಬೆಳಗಾವಿಯ ಮಳೆಗಾಲ ಆ ಹುಳಕ್ಕೆ ಹಬ್ಬ. ಆದ್ದರಿಂದ ಮಾವನವರ ಹಾಸಿಗೆ ದಿಂಬುಗಳನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ ಅಕ್ಕಾ. 60 ಡಿಗ್ರಿಯಷ್ಟು ಬಿಸಿ ನೀರಿನಲ್ಲಿ ಒಗೆದರೆ ಆ ಹುಳ ಸಾಯುತ್ತದೆ.

ಇಲ್ಲಿಯವರು ಜನವರಿಯ ಕಡು ಚಳಿಯಲ್ಲಿ ಹಾಸಿಗೆ ಹೊದಿಕೆಗಳನ್ನು ಬಾಲ್ಕನಿಯಲ್ಲಿ ಹೊರಗೆ ಹಾಕುತ್ತಾರೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಒಂದೆರಡು ದಿನ ಬಿಟ್ಟರೆ ಹುಳ ಸಾಯುತ್ತದೆ. ಉಣ್ಣೆಯ ನೆಲಹಾಸನ್ನು ಹಿಮದ ಮೇಲೆ ಕವುಚಿ ಹಾಕಿ ಬಡಿಯುತ್ತಾರೆ. ಅದಕ್ಕೂ ಕ್ರಮ ಇದೆ: ಹಿಮ ಪುಡಿಯಾಗಿ ಒಣಗಿರಬೇಕು, ನೆಲಹಾಸನ್ನು ಮೊದಲು ಹೊರಗಿಟ್ಟು ಪೂರ್ತಿ ತಣ್ಣಗಾಗಿಸಿರಬೇಕು. ಬೆಚ್ಚಗಿರುವಾಗಲೇ ಹಾಕಿದರೆ ಹಿಮ ಕರಗಿ ನೆಲಹಾಸು ಒದ್ದೆಯಾಗುತ್ತದೆ. ನೆಲಹಾಸು ಎತ್ತಿದಾಗ ಬಿಳಿ ಹಿಮದ ಮೇಲೆ ಅದರ ಅಳತೆಗೆ ಸರಿಯಾಗಿ ಬೂದು ಬಣ್ಣದ ಧೂಳಿನ ಚೌಕ ಉಳಿದಿರುತ್ತದೆ.

ಕಿಟಕಿ ತೊಳೆಯುವುದಕ್ಕೂ ಕಾಲ ಇದೆ. ಚಳಿಗಾಲದಲ್ಲಿ ಕಾಲು ಜಾರದಿರಲೆಂದು ರಸ್ತೆಗೆ ಸಣ್ಣ ಕಲ್ಲಿನ ಪುಡಿ ಚೆಲ್ಲಿರುತ್ತಾರೆ. ಹಿಮ ಕರಗಿದ ಮೇಲೆ ನಗರಸಭೆಯ ವಾಹನಗಳು ಅದನ್ನು ಗುಡಿಸುವಾಗ ಊರೆಲ್ಲ ಧೂಳು. ಆ ಕೆಲಸ ಮುಗಿದ ಮೇಲೆಯೇ ಕಿಟಕಿ ತೊಳೆಯಬೇಕು. ಚಳಿ ತಡೆಯಲು ಕಿಟಕಿಗೆ ಮೂರು ಗಾಜು, ನಡುವಿನ ಚೌಕಟ್ಟನ್ನು ಚಿಕ್ಕ ಕೀಲಿ ಹಾಕಿ ಬಿಚ್ಚಿ ಒಳಗಿನ ಮುಖಗಳನ್ನೂ ಒರೆಸುತ್ತೇವೆ. ಬಚ್ಚಲು, ಅಡುಗೆಮನೆಯ ಮಾಳಿಗೆಯಲ್ಲಿ ಗಾಳಿ ಹೊರಹೋಗುವ ದುಂಡನೆಯ ಮುಚ್ಚಳ ಇರುತ್ತದೆ. ಅದನ್ನು ಬಿಚ್ಚಿ ಪಾತ್ರೆ ಸೋಪಿನಲ್ಲಿ ತೊಳೆಯುತ್ತೇವೆ, ಆದರೆ ನಡುವಿನ ತಿರುಪಣಿಯನ್ನು ತಿರುಗಿಸುವುದಿಲ್ಲ, ತಿರುಗಿಸಿದರೆ ಮನೆಯ ಗಾಳಿಯ ಅಳತೆಯೇ ಕೆಡುತ್ತದೆ. ಮೂರು ಗಾಜಿನೊಳಗೆ ಆರು ತಿಂಗಳು ಮುಚ್ಚಿಕೊಂಡಿರುವ ಮನೆಗೆ ಆ ಮುಚ್ಚಳವೇ ಮೂಗು. ಬೆಳಗಾವಿಯ ಹೊಸ ಫ್ಲಾಟ್‌ಗಳಲ್ಲಿ ಇರುವವರು ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಜಿಡ್ಡು ತೆಗೆದು ಎಷ್ಟು ದಿನವಾಯಿತೆಂದು ನೋಡಿಕೊಳ್ಳಿ.

ಅಥಣಿ ಹಿರಿಯರು

ಎಲ್ಲ ಸರಿ, ಆದರೆ ನೀರು ಹಾಕದೆ ಮನೆ ಹಸನಾಯಿತು ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಫರಸಿಯ ಮೇಲೆ ನೀರು ಸುರಿದು, ತೆಂಗಿನ ಪೊರಕೆಯಿಂದ ತಿಕ್ಕಿ, ಬಾಗಿಲ ಹೊರಗೆ ನೀರು ತಳ್ಳಿದಾಗಲೇ ಅದು ಹಬ್ಬದ ಮನೆ. ನಮ್ಮ ಪಡಸಾಲೆಯ ಫರಸಿಗೆ ಕಲೆ ಕೂತಲ್ಲಿ ಬಚ್ಚಲಿಗೆ ಹಾಕುವ ಆ್ಯಸಿಡ್ ಸ್ವಲ್ಪ ಚಿಮುಕಿಸುತ್ತೇವೆ, ಬೂಷ್ಟು ಇದ್ದಲ್ಲಿ ಬ್ಲೀಚಿಂಗ್ ಪುಡಿ. ಹೊಸಬರು ಇಷ್ಟೊಂದು ಭಯಪಡುವುದು ಏಕೆ?

ಟಿಳಕವಾಡಿ ಕಾಕಾ, ಬೆಳಗಾವಿ

ಹಿರಿಯರೇ, ನೀರಿನ ಮಾತಿಗೆ ನನ್ನ ವಿರೋಧವಿಲ್ಲ. ನಿಮ್ಮ ಪಡಸಾಲೆಗೆ ಬಿಸಿಲಿದೆ, ಇಳಿಜಾರಿದೆ, ನೀರು ಹೊರಗೆ ಹೋಗುತ್ತದೆ. ಶಹಾಪುರದ ತಂಗಿಯ ನಡುಮನೆಯಲ್ಲಿ ಸುರಿದ ನೀರು ಫರಸಿಯ ಸಂದಿನಲ್ಲಿ ಇಳಿದು ಗೋಡೆಯ ಬುಡ ಸೇರುತ್ತದೆ, ಮೇಲೆ ಹೇಳಿದ ಸವಳಿಗೆ ಆಹಾರ. ಅಲ್ಲಿ ಹಿಂಡಿದ ಬಟ್ಟೆಯಿಂದ ಒರೆಸುವುದೇ ಸರಿ.

ಆ್ಯಸಿಡ್ ವಿಷಯದಲ್ಲಿ ಮಾತ್ರ ಕೈ ಮುಗಿದು ಬೇಡುತ್ತೇನೆ, ಬಿಡಿ. ಶಹಾಬಾದ್ ಫರಸಿ ಸುಣ್ಣಕಲ್ಲು. ಆ್ಯಸಿಡ್ ಬಿದ್ದೊಡನೆ ನೊರೆ ಏಳುತ್ತದಲ್ಲ, ಅದು ಕೊಳೆ ಹೋಗುವ ಗುರುತಲ್ಲ, ಕಲ್ಲೇ ಕರಗುವ ಗುರುತು. ಹೊಳಪು ಹೋಗಿ ಮೈ ಒರಟಾಗುತ್ತದೆ, ಆಮೇಲೆ ಕೊಳೆ ಇನ್ನೂ ಬೇಗ ಹಿಡಿಯುತ್ತದೆ. ಹಿತ್ತಾಳೆ ಬೆಳಗುವ ಹುಣಸೆಹಣ್ಣಿನ ರಸ, ನಿಂಬೆರಸ ಬಿದ್ದರೂ ಅದೇ ಗತಿ. ಹಂಡೆ ಬೆಳಗಿದ ಜಾಗದ ಫರಸಿಯಲ್ಲಿ ಮಾಸಲು ಬಿಳಿಯ ದುಂಡು ಗುರುತುಗಳನ್ನು ಎಲ್ಲರ ಮನೆಯಲ್ಲೂ ನೋಡಬಹುದು. ಪಾತ್ರೆಯನ್ನು ಹಿತ್ತಲಿನಲ್ಲಿ ಬೆಳಗಿ, ಫರಸಿಗೆ ಬರೀ ಸೌಮ್ಯ ಸೋಪಿನ ನೀರು ಸಾಕು. ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕಿಸಿದವರಿಗೆ ಈ ಭಯ ಕಡಿಮೆ, ಅದರ ಗುಣವೇ ಬೇರೆ.

ಇನ್ನು ಬ್ಲೀಚಿಂಗ್ ಪುಡಿ ಮತ್ತು ಆ್ಯಸಿಡ್ ಒಂದೇ ಬಚ್ಚಲಿನಲ್ಲಿ, ಒಂದರ ಹಿಂದೆ ಒಂದು ಬಿದ್ದರೂ ಕ್ಲೋರಿನ್ ಅನಿಲ ಏಳುತ್ತದೆ. ಚಿಕ್ಕ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ತಿಕ್ಕುವವರ ಪ್ರಾಣಕ್ಕೇ ಅಪಾಯ. ಎರಡನ್ನೂ ಒಂದೇ ದಿನ ಮುಟ್ಟಬೇಡಿ. ಗಿಲಾವಿನ ಮೇಲೆ ಬ್ಲೀಚ್ ಹಚ್ಚಿದರೆ ಕಪ್ಪು ಬಣ್ಣ ಹೋಗುತ್ತದೆ, ಬೂಷ್ಟಿನ ಬೇರು ಒಳಗೇ ಉಳಿಯುತ್ತದೆ.

ಗೋಡೆಗೆ ಒಳ್ಳೆಯ ಔಷಧಿ ನಮ್ಮ ಹಿರಿಯರ ಸುಣ್ಣವೇ. ಅದರ ತೀವ್ರ ಕ್ಷಾರದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಗೋಡೆಯ ತೇವ ಹೊರಗೆ ಆರಿಹೋಗಲು ದಾರಿಯೂ ಇರುತ್ತದೆ. ಪ್ಲಾಸ್ಟಿಕ್ ಬಣ್ಣ ಆ ದಾರಿಯನ್ನು ಮುಚ್ಚುತ್ತದೆ. ಹಳೆಯ ಸುಣ್ಣದ ಗಾರೆಯ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದವರ ಮನೆಯಲ್ಲಿ ತೇವ ಸೊಂಟದಿಂದ ಎದೆಯ ಮಟ್ಟಕ್ಕೆ ಏರಿದ್ದನ್ನು ಕಂಡಿದ್ದೇನೆ. ಆದರೆ ಎದ್ದಿರುವ ಬಣ್ಣವನ್ನು ಪೂರ್ತಿ ಕೆರೆದು ತೆಗೆಯದೆ ಸುಣ್ಣ ಹತ್ತುವುದಿಲ್ಲ. ಸುಣ್ಣ ಕೈಗೆ ಹತ್ತದಿರಲೆಂದು ಕೆಲವರು ಉಪ್ಪು ಬೆರೆಸುತ್ತಾರೆ. ಸವಳು ಇರುವ ಗೋಡೆಗೆ ಅದು ಬೇಡವೇ ಬೇಡ, ಉಪ್ಪು ಗಾಳಿಯ ತೇವ ಎಳೆಯುತ್ತದೆ, ಗೋಂದು ಹಾಕಿ. ಸುಣ್ಣದ ಹರಳನ್ನು ನೀರಿಗೆ ಬಿಟ್ಟಾಗ ಕುದಿಯುವಂತೆ ಬಿಸಿ ಏಳುತ್ತದೆ. ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಕನ್ನಡಕ ಇರಲಿ. ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ, ತೆಳ್ಳಗೆ ಹಚ್ಚಿ.

ದವಾಖಾನೆಯ ಸಿಸ್ಟರ್, ವಿಜಯಪುರ

ಉಬ್ಬಸ ಇರುವವರನ್ನು ಕೆಲಸದ ದಿನ ಮನೆಯಲ್ಲಿ ಇರಿಸಬೇಡಿ. ಮಗಳ ಮನೆಗೋ ನೆರೆಯವರ ಪಡಸಾಲೆಗೋ ಕಳಿಸಿ, ಧೂಳು ಕೂತು ನೆಲ ಒರೆಸಿದ ಮೇಲೆ ಕರೆತನ್ನಿ. ವೈದ್ಯರು ಕೊಟ್ಟ ಇನ್ಹೇಲರ್ ಅವರ ಜೇಬಿನಲ್ಲೇ ಇರಲಿ. ಕೆಲಸ ಮಾಡುವವರು ಎನ್95 ಮಾಸ್ಕ್ ಹಾಕಿಕೊಳ್ಳಿ, ಸೆರಗು ಕಟ್ಟಿಕೊಂಡರೆ ಬೂಷ್ಟಿನ ಕಣ ನಿಲ್ಲುವುದಿಲ್ಲ.

ಎರಡು ಎಚ್ಚರಿಕೆ. ಖಾನಾಪುರದವರ ಒಲೆಯ ಮಾತು ಓದಿ ಯಾರೂ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಹಾಸಿಗೆ ಒಣಗಿಸಬೇಡಿ, ಚಳಿಗೆ ಅದರ ಪಕ್ಕ ಮಲಗಲೂ ಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಎರಡನೆಯದು, ಬಟ್ಟೆಯ ಪೆಟ್ಟಿಗೆಗೆ ಹಾಕುವ ಬಿಳಿ ನ್ಯಾಫ್ತಲಿನ್ ಗುಳಿಗೆ. ಬಾಣಂತಿ ಮಗುವಿನ ಬಟ್ಟೆ, ಕೌದಿಯ ಜೊತೆ ಅದನ್ನು ಇಡಲೇಬಾರದು. ಹುಟ್ಟಿನಿಂದ ಒಂದು ಕಿಣ್ವದ ಕೊರತೆ ಇರುವ ಕೂಸುಗಳಿಗೆ ಅದರ ವಾಸನೆಯಿಂದಲೇ ರಕ್ತದ ಕಣ ಒಡೆದು ಕಾಮಾಲೆ ಏರುತ್ತದೆ. ಒಣಗಿದ ಬೇವಿನ ಎಲೆ ಸಾಕು.

ಜಮಖಂಡಿಯ ತಮ್ಮ

ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು ಹೇಳಲೇಬೇಕು. ಯಾವ ಮನೆಯಲ್ಲೂ ಈ ಕೆಲಸ ಒಬ್ಬ ಸೊಸೆಯ ಮೇಲೆ ಬೀಳಬಾರದು. ನೀರು ಕುಡಿದ ಕೌದಿ ಎತ್ತುವುದು, ಕಪಾಟು ಎಳೆಯುವುದು, ಅಟ್ಟ ಹತ್ತುವುದು, ನೀರಿನ ಟಾಕಿ ತೊಳೆಯುವುದು ಗಂಡಸರ ಕೈಗೆ ಬರಲಿ. ನಮ್ಮ ಮನೆಯಲ್ಲಿ ನಾನೂ ನನ್ನ ಅಣ್ಣನೂ ಎರಡು ದಿನ ರಜೆ ಹಾಕುತ್ತೇವೆ. ತಾಯಿಗೆ ಆ ಎರಡು ದಿನ ದೇವರ ಪಾತ್ರೆ ಬಿಟ್ಟು ಬೇರೆ ಕೆಲಸ ಇಲ್ಲ. ನೆಂಟರ ಮನೆಗಳಲ್ಲಿ ಹಬ್ಬದ ಹೊತ್ತಿಗೆ ಹೆಂಗಸರು ಸೊಂಟ ಹಿಡಿದುಕೊಂಡು ಕೂರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ನಮ್ಮ ಕಡೆಯವರಿಗೆ ಇನ್ನೊಂದು ಸೂಚನೆ: ಕಬ್ಬು ನುರಿಸುವ ಹಂಗಾಮು ಶುರುವಾದರೆ ಟೆರೇಸಿನ ಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಉರಿಸಿದ ಕಬ್ಬಿನ ಸಿಪ್ಪೆಯ ಕಪ್ಪು ಬೂದಿ ಬೀಳುತ್ತದೆ. ಒದ್ದೆ ಕೌದಿಯ ಮೇಲೆ ಬಿದ್ದರೆ ತಿಕ್ಕಬೇಡಿ, ಗೆರೆ ಮೂಡುತ್ತದೆ. ಒಣಗಿದ ಮೇಲೆ ಜಾಡಿಸಿ. ಹಂಗಾಮಿಗೆ ಮೊದಲೇ ಒಗೆತ ಮುಗಿಸಿದರೆ ಆ ಚಿಂತೆಯೇ ಇಲ್ಲ.

ಶಹಾಪುರದ ಸೊಸೆ, ಬೆಳಗಾವಿ

ಎಲ್ಲ ಹಿರಿಯರಿಗೂ, ಗೋಕಾಕದ ತಂಗಿಗೂ ಮನಸಾರೆ ಧನ್ಯವಾದ. ಕಾಕಾ ಹೇಳಿದ ಹನಿ ನೀರಿನ ಪರೀಕ್ಷೆ ಮಾಡಿದೆ, ಕೆಳಗಿನದು ಕರಗಿತು, ಮೇಲಿನದು ಕರಗಲಿಲ್ಲ. ಪ್ಲಾಸ್ಟಿಕ್ ಹಾಳೆ ದೇವರ ಕೋಣೆಯಲ್ಲಿ ಹಿಂಬದಿಗೆ ಬೆವೆತಿದೆ, ಕಪಾಟಿನ ಹಿಂದೆ ಮುಂಬದಿಗೆ.

ಅತ್ತೆಯವರ ಜೊತೆ ಕೂತು ಮಾತಾಡಿದೆವು. 2025ರಲ್ಲಿ ಘಟ ಸೆಪ್ಟೆಂಬರ್ 22ಕ್ಕೇ ಬಂದಿತ್ತು, ಮೋಡದಲ್ಲೇ ಎಲ್ಲ ಒಗೆದಿದ್ದೆವು. 2026ರಲ್ಲಿ ಅಧಿಕಮಾಸ ಬಂದದ್ದರಿಂದ ಅಕ್ಟೋಬರ್ 11ಕ್ಕೆ. ಆದ್ದರಿಂದ ಸೆಪ್ಟೆಂಬರ್ ಕೊನೆಯ ವಾರ ಬರೀ ಬೂಷ್ಟು ಒರೆಸುವುದು, ಕಪಾಟು ಎಳೆಯುವುದು, ಗೋಡೆ ಒಣಗಿಸುವುದು. ಮಾವನವರು ಆ ದಿನಗಳಲ್ಲಿ ನಮ್ಮ ನಾದಿನಿಯ ಮನೆಯಲ್ಲಿ ಇರುತ್ತಾರೆ. ಬಿಸಿಲು ಬಿದ್ದ ಮೇಲೆ ದಿನಕ್ಕೆ ಎರಡು ಕೌದಿ. ಹಬ್ಬಕ್ಕೆ ಮುಗಿಯದ ಕೌದಿಗಳನ್ನು ದೀಪಾವಳಿಗೆ ಮೊದಲು ಒಗೆಯಲು ಅತ್ತೆ ಒಪ್ಪಿದ್ದಾರೆ. ಕೌದಿಗಳಿಗೆ ಅಟ್ಟದ ಬದಲು ಪಡಸಾಲೆಯ ಕಟ್ಟಿಗೆಯ ಪೆಟ್ಟಿಗೆ. ನಮ್ಮ ಮನೆಯವರು ಜಮಖಂಡಿಯ ತಮ್ಮನ ಮಾತು ಓದಿ ರಜೆ ಬರೆದುಕೊಟ್ಟಿದ್ದಾರೆ.

ಒಂದು ಪ್ರಶ್ನೆ ಉಳಿಯಿತು ಕಾಕಾ. ದೇವರ ಕೋಣೆಯ ತೇವಕ್ಕೆ ಹಂಚು ಕಾರಣವೋ ಪಾಯ ಕಾರಣವೋ ಹೇಗೆ ತಿಳಿಯುವುದು? ಸುಣ್ಣ ಈಗಲೇ ಹಚ್ಚಿಸಬಹುದೇ?

ಟಿಳಕವಾಡಿ ಕಾಕಾ, ಬೆಳಗಾವಿ

ಗೋಡೆಯ ಮೇಲೆ ತೇವದ ಅಂಚು ಎಲ್ಲಿದೆ ನೋಡಿ, ತಂಗಿ. ಕೆಳಗಿನಿಂದ ಏರಿ ಅಡ್ಡ ಗೆರೆ ಎಳೆದಂತೆ ನಿಂತಿದ್ದರೆ ಪಾಯ. ಮೇಲಿನಿಂದ ನಾಲಿಗೆಯ ಹಾಗೆ ಇಳಿದಿದ್ದರೆ ಹಂಚು. ಪೆನ್ಸಿಲಿನಿಂದ ಅಂಚಿಗೆ ಗುರುತು ಹಾಕಿ ತಾರೀಖು ಬರೆಯಿರಿ, ಜೋರು ಮಳೆಯ ಮರುದಿನ ಅದು ಸರಿದಿದ್ದರೆ ಹಂಚಿನದೇ ದೋಷ. ಸುಣ್ಣಕ್ಕೆ ಆತುರ ಬೇಡ. ಅಕ್ಟೋಬರ್‌ನಿಂದ ಗೋಡೆ ಆರಲಿ, ಜನವರಿ ಫೆಬ್ರುವರಿಯಲ್ಲಿ ಹಚ್ಚಿಸಿ. ಹಂಚು ತೆಗೆದು ಕೂರಿಸುವವರಿಗೆ ದೀಪಾವಳಿ ಮುಗಿದೊಡನೆ ಹೇಳಿಡಿ, ಮೇ ಬಂದ ಮೇಲೆ ಅವರು ಯಾರ ಕೈಗೂ ಸಿಗುವುದಿಲ್ಲ.